ಕಟ್ಟಡದ ತಂಪು ಕಾಯುವ ಯಂತ್ರಬುದ್ಧಿ

ದೊಡ್ಡ ಕಟ್ಟಡವನ್ನು ತಂಪಾಗಿಡುವುದು ಒಂದೇ ಯಂತ್ರದ ಕೆಲಸವಲ್ಲ. ನೆಲಮಾಳಿಗೆಯಲ್ಲೋ ತಾರಸಿಯಲ್ಲೋ ಇರುವ ಚಿಲ್ಲರ್ ನೀರನ್ನು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗೆ ತಣಿಸುತ್ತದೆ. ಪಂಪುಗಳು ಆ ನೀರನ್ನು ಮಹಡಿ ಮಹಡಿಗೆ ತಳ್ಳುತ್ತವೆ. ಅಲ್ಲಿ ಏರ್ ಹ್ಯಾಂಡ್ಲಿಂಗ್ ಯೂನಿಟ್ ಎಂಬ ದೊಡ್ಡ ಪೆಟ್ಟಿಗೆಯ ಫ್ಯಾನು, ತಣ್ಣೀರು ಹರಿಯುವ ಕೊಳವೆಗಳ ಮೇಲೆ ಗಾಳಿ ಹಾಯಿಸಿ ಡಕ್ಟಿನ ಮೂಲಕ ಕೋಣೆಗಳಿಗೆ ಬಿಡುತ್ತದೆ. ಕೋಣೆಗಳ ಬಿಸಿಯನ್ನು ಹೀರಿಕೊಂಡ ನೀರು 12 ಡಿಗ್ರಿಯ ಆಸುಪಾಸಿಗೆ ಏರಿ ಚಿಲ್ಲರಿಗೆ ಮರಳುತ್ತದೆ. ಆ ಬಿಸಿಯನ್ನೆಲ್ಲ ಕೊನೆಗೆ ತಾರಸಿಯ ಕೂಲಿಂಗ್ ಟವರ್ ಹೊರಗಾಳಿಗೆ ಬಿಟ್ಟುಬಿಡುತ್ತದೆ. ಚಳಿ ದೇಶಗಳಲ್ಲಿ ಇಂಥದೇ ಜಾಲ ಬಾಯ್ಲರಿನ ಬಿಸಿನೀರನ್ನು ಹೊತ್ತು ಕೋಣೆಗಳನ್ನು ಬೆಚ್ಚಗಿಡುತ್ತದೆ.

ಈ ಸರಪಳಿಯ ಒಂದೊಂದು ಕೊಂಡಿಗೂ ಯಾರಾದರೂ ಒಂದು ಅಂಕಿಯನ್ನು ಗೊತ್ತುಮಾಡಬೇಕು. ನೀರು 7 ಡಿಗ್ರಿ ಇರಲೋ 9 ಇರಲೋ? ಪಂಪು ಎಷ್ಟು ವೇಗದಲ್ಲಿ ತಿರುಗಲಿ? ಟವರಿನ ಫ್ಯಾನು ಎರಡು ಓಡಿದರೆ ಸಾಕೋ, ನಾಲ್ಕು ಬೇಕೋ? ಈ ಕ್ಷೇತ್ರದವರು ಇಂಥ ಅಂಕಿಗಳನ್ನು ಸೆಟ್ ಪಾಯಿಂಟ್ ಎನ್ನುತ್ತಾರೆ. ಎಐ ಎಂದು ಚಿಕ್ಕದಾಗಿ ಕರೆಯುವ ಕೃತಕ ಬುದ್ಧಿಮತ್ತೆ ಕಟ್ಟಡದೊಳಗೆ ಮಾಡುವ ಕೆಲಸವಿಷ್ಟೇ: ಹೊತ್ತಿಗೆ ತಕ್ಕಂತೆ ಈ ಅಂಕಿಗಳನ್ನು ಆರಿಸುವುದು. ಅದು ತಾನಾಗಿ ಒಂದು ತೊಟ್ಟು ನೀರನ್ನೂ ತಣಿಸುವುದಿಲ್ಲ. ಯಂತ್ರಗಳು ಅವೇ, ಕೊಳವೆಗಳು ಅವೇ. ಬದಲಾಗುವುದು ತೀರ್ಮಾನ ಮಾತ್ರ.

ಆ ತೀರ್ಮಾನಗಳ ಬೆಲೆ ಸಣ್ಣದಲ್ಲ. ಜಗತ್ತಿನಲ್ಲಿ ಬಳಕೆಯಾಗುವ ಇಂಧನದಲ್ಲಿ ಸುಮಾರು ಶೇ 30ರಷ್ಟು ಕಟ್ಟಡಗಳನ್ನು ನಡೆಸುವುದಕ್ಕೇ ಹೋಗುತ್ತದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಎ.ಸಿ. ಮತ್ತು ಫ್ಯಾನುಗಳು ಸೇರಿ ಜಗತ್ತಿನ ಒಟ್ಟು ವಿದ್ಯುತ್ತಿನ ಹತ್ತನೆಯ ಒಂದು ಪಾಲನ್ನು ತಿನ್ನುತ್ತಿದ್ದವು. ಆಗ ಬಳಕೆಯಲ್ಲಿದ್ದ ಎ.ಸಿ.ಗಳು ಸುಮಾರು 160 ಕೋಟಿ. 2050ರ ಹೊತ್ತಿಗೆ ಅವು 560 ಕೋಟಿಯಾಗಬಹುದು ಎಂದು ಆ ವರದಿ ಅಂದಾಜಿಸಿತು. ಹೆಚ್ಚಳದ ದೊಡ್ಡ ಪಾಲು ಭಾರತ, ಚೀನಾ, ಇಂಡೊನೇಷ್ಯಾದಂಥ ಬಿಸಿ ದೇಶಗಳದ್ದು.

ಕೋಣೆಯ ಶಾಖವನ್ನು ಯಂತ್ರವೇ ನೋಡಿಕೊಳ್ಳಲಿ ಎಂಬ ಆಸೆ ಹಳೆಯದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರೆನ್ ಜಾನ್ಸನ್ ಎಂಬ ಅಧ್ಯಾಪಕರಿದ್ದರು. ಚಳಿಗಾಲದಲ್ಲಿ ಶಾಲೆಯ ಜವಾನ ಪಾಠದ ನಡುವೆ ತರಗತಿಗೆ ಬಂದು ಥರ್ಮಾಮೀಟರ್ ನೋಡಿ, ನೆಲಮಾಳಿಗೆಗೆ ಇಳಿದು ಕುಲುಮೆಯ ಗಾಳಿಕಿಂಡಿಯನ್ನು ಹೆಚ್ಚು ಕಡಿಮೆ ಮಾಡಬೇಕಿತ್ತು. ಈ ಅಡಚಣೆ ತಪ್ಪಿಸಲು ಜಾನ್ಸನ್ 1883ರಲ್ಲಿ ವಿದ್ಯುತ್ ಥರ್ಮೋಸ್ಟಾಟಿಗೆ ಪೇಟೆಂಟ್ ಪಡೆದರು. ಎರಡು ವರ್ಷದ ಮೇಲೆ ಅವರು ಮಿಲ್ವಾಕಿಯಲ್ಲಿ ಹುಟ್ಟುಹಾಕಿದ ಕಂಪನಿಯೇ ಇಂದಿನ ಜಾನ್ಸನ್ ಕಂಟ್ರೋಲ್ಸ್. ಅದೇ 1885ರಲ್ಲಿ ಮಿನಿಯಾಪೊಲಿಸ್‌ನ ಆಲ್ಬರ್ಟ್ ಬಟ್ಜ್ ಕುಲುಮೆಯ ಕಿಂಡಿಯನ್ನು ತಾನಾಗಿ ತೆರೆದು ಮುಚ್ಚುವ ಉಪಕರಣ ಮಾಡಿದರು. ಮುಂದೆ ಹನಿವೆಲ್ ಆಗಿ ಬೆಳೆದ ಸಂಸ್ಥೆಯ ಬೇರು ಅಲ್ಲಿದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ಹವಾನಿಯಂತ್ರಣ ವ್ಯವಸ್ಥೆ ರೂಪಿಸಿದರು. ಅಲ್ಲಿ ಸಮಸ್ಯೆಯಾಗಿದ್ದು ಸೆಕೆಗಿಂತ ಹೆಚ್ಚಾಗಿ ತೇವ. ಗಾಳಿಯ ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಇಂದು ಬಹುತೇಕ ಎಲ್ಲ ದೊಡ್ಡ ಕಟ್ಟಡಗಳಲ್ಲೂ ಇರುವ, ಬೇಕಾದ ಅಂಕಿಗೂ ಇರುವ ಅಂಕಿಗೂ ನಡುವಿನ ಅಂತರ ನೋಡಿ ತಿದ್ದುವ ಪಿಐಡಿ ಎಂಬ ನಿಯಂತ್ರಣ ಸೂತ್ರವನ್ನು ಸಿದ್ಧಾಂತವಾಗಿ ಬಿಡಿಸಿಟ್ಟವರು ನಿಕೋಲಾಸ್ ಮಿನೋರ್ಸ್ಕಿ, 1922ರಲ್ಲಿ; ಅವರು ಯೋಚಿಸುತ್ತಿದ್ದುದು ಹಡಗಿನ ಚುಕ್ಕಾಣಿಯ ಬಗ್ಗೆ.

ನೂರು ವರ್ಷ ಕಳೆದರೂ ಈ ಸೂತ್ರ ಕೆಲಸ ಮಾಡುತ್ತಿದೆ. ಅದನ್ನು ಹಳತೆಂದು ತಳ್ಳಿಹಾಕುವಂತಿಲ್ಲ. ಆದರೆ ಅದಕ್ಕೆ ಎರಡು ಕುರುಡುತನಗಳಿವೆ.

ಮೊದಲನೆಯದು, ಅದಕ್ಕೆ ಮುಂದಿನದು ಕಾಣದು. ಕೋಣೆ ಬಿಸಿಯಾದ ಮೇಲೆ ತಂಪು ಬಿಡುತ್ತದೆ, ತಂಪು ಹೆಚ್ಚಾದ ಮೇಲೆ ನಿಲ್ಲಿಸುತ್ತದೆ. ಕಾಂಕ್ರೀಟ್ ಕಟ್ಟಡವಾದರೋ ದಪ್ಪ ಕಾವಲಿಯ ಹಾಗೆ. ಕಾಯುವುದಕ್ಕೂ ಹೊತ್ತು ಬೇಕು, ಆರುವುದಕ್ಕೂ ಹೊತ್ತು ಬೇಕು. ಕೊನೆಯ ದೋಸೆ ಹೊಯ್ಯುವ ಮುಂಚೆಯೇ ಉರಿ ತಗ್ಗಿಸುವವರು ಬಲ್ಲವರು. ಬೆಳಗ್ಗೆಯೆಲ್ಲ ಬಿಸಿಲು ಕುಡಿದ ಗೋಡೆ ಮಧ್ಯಾಹ್ನ ಅದನ್ನು ಒಳಗೆ ಬಿಡುತ್ತದೆ. ಮೂರು ಗಂಟೆಗೆ ಸಭಾಂಗಣದಲ್ಲಿ ಇನ್ನೂರು ಜನ ಸೇರುತ್ತಾರೆ ಎಂದು ಎರಡು ಗಂಟೆಗೇ ಗೊತ್ತಿದ್ದರೆ ಕಡಿಮೆ ಶ್ರಮದಲ್ಲಿ ಅದನ್ನು ಮೆಲ್ಲನೆ ತಣಿಸಿಡಬಹುದು. ಥರ್ಮೋಸ್ಟಾಟಿಗೆ ಜನ ಬಂದು ಕೂತು ಬೆವರಿದ ಮೇಲೆಯೇ ವಿಷಯ ತಿಳಿಯುವುದು.

ಎರಡನೆಯದು ಇನ್ನೂ ದುಬಾರಿ. ಪ್ರತಿ ಉಪಕರಣವೂ ತನ್ನ ಮುಂದಿನ ಅಂಕಿಯನ್ನಷ್ಟೇ ನೋಡುತ್ತದೆ, ಇಡೀ ಜಾಲವನ್ನಲ್ಲ. ನೀರನ್ನು ಹೆಚ್ಚು ತಣಿಸಿದರೆ ಚಿಲ್ಲರಿನ ಖರ್ಚು ಏರುತ್ತದೆ, ಆದರೆ ಮಹಡಿಯ ಫ್ಯಾನುಗಳು ನಿಧಾನವಾಗಿ ತಿರುಗಿದರೂ ಸಾಕಾಗುತ್ತದೆ. ಟವರಿನ ಫ್ಯಾನುಗಳನ್ನು ಜೋರಾಗಿ ಓಡಿಸಿದರೆ ಅವುಗಳ ಖರ್ಚು ಏರುತ್ತದೆ, ಆದರೆ ಟವರಿನಿಂದ ಚಿಲ್ಲರಿಗೆ ಮರಳುವ ನೀರು ತಣ್ಣಗಾಗಿ ಚಿಲ್ಲರಿನ ಹೊರೆ ಇಳಿಯುತ್ತದೆ. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ಕಳೆಯುವ ಈ ಆಟದಲ್ಲಿ ಒಟ್ಟು ಖರ್ಚು ಅತಿ ಕಡಿಮೆಯಾಗುವ ಬಿಂದು ಒಂದು ಇದ್ದೇ ಇದೆ. ಅದು ಹೊರಗಿನ ಸೆಕೆ, ಗಾಳಿಯ ತೇವ, ಒಳಗಿನ ಜನ, ಹೊತ್ತು ಎಲ್ಲದರ ಜೊತೆ ಸರಿಯುತ್ತಲೇ ಇರುತ್ತದೆ. ಇದರ ಮೇಲೆ ಫ್ಯಾನು ಮತ್ತು ಪಂಪುಗಳ ಒಂದು ಭೌತ ನಿಯಮವಿದೆ: ಅವು ತಿನ್ನುವ ವಿದ್ಯುತ್ತು ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗ ಅರ್ಧಕ್ಕೆ ಇಳಿದರೆ ವಿದ್ಯುತ್ತು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಒಂದು ಪಂಪನ್ನು ಪೂರ್ಣ ವೇಗದಲ್ಲಿ ದುಡಿಸುವುದಕ್ಕಿಂತ ಎರಡನ್ನು ಅರ್ಧ ವೇಗದಲ್ಲಿ ಓಡಿಸುವುದು ಎಷ್ಟೋ ಸಲ ಅಗ್ಗ. ಮನುಷ್ಯನ ಸಹಜ ಬುದ್ಧಿ ಇದಕ್ಕೆ ವಿರುದ್ಧವಾಗಿ, ಒಂದನ್ನು ಆಫ್ ಮಾಡಿದರೆ ಉಳಿತಾಯ ಎಂದು ಹೇಳುತ್ತದೆ.

ಕಟ್ಟಡದ ಯಂತ್ರಕೋಣೆಯಲ್ಲಿ ಕೂತ ಆಪರೇಟರಿಗೆ ಇದೆಲ್ಲ ತಿಳಿದಿರಬಹುದು. ಆದರೆ ಐದೈದು ನಿಮಿಷಕ್ಕೊಮ್ಮೆ ಹತ್ತಾರು ಅಂಕಿಗಳನ್ನು ತಿದ್ದುತ್ತ ಕೂರಲು ಯಾರಿಂದಲೂ ಆಗದು. ತಂಪು ಸಾಲದೆಂದು ದೂರು ಬಂದರೆ ಬೈಗುಳ ತಪ್ಪಿದ್ದಲ್ಲ. ವಿದ್ಯುತ್ತು ಪೋಲಾದರೆ ಯಾರೂ ಫೋನು ಮಾಡುವುದಿಲ್ಲ. ಹಾಗಾಗಿ ಆತ ವರ್ಷದ ಅತಿ ಸೆಕೆಯ ದಿನಕ್ಕೆ ಹೊಂದುವ ಅಂಕಿಗಳನ್ನು ಹಾಕಿ ಬಿಟ್ಟುಬಿಡುತ್ತಾನೆ, ಅವು ಡಿಸೆಂಬರಿನಲ್ಲೂ ಹಾಗೆಯೇ ಓಡುತ್ತವೆ. ಶನಿವಾರದ ಒಂದು ಸಭೆಗೆಂದು ಬದಲಿಸಿದ ವೇಳಾಪಟ್ಟಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ಚಳಿ ದೇಶದ ಕಚೇರಿಗಳಲ್ಲಿ ಒಂದು ಕಡೆ ತಣಿಸಿದ ಗಾಳಿಯನ್ನೇ ಇನ್ನೊಂದು ಕಡೆ ಮತ್ತೆ ಬಿಸಿಮಾಡಿ ಕೋಣೆಗೆ ಬಿಡುವುದೂ ಸಾಮಾನ್ಯ. ಎಐಗೆ ಸಿಗುವ ಉಳಿತಾಯದ ದೊಡ್ಡ ಪಾಲು ಇರುವುದು ಇಂಥ ಅಲಕ್ಷ್ಯದ ಜಾಗಗಳಲ್ಲಿ. ಅದರ ನಿಜವಾದ ಬಲ ಜಾಣತನಕ್ಕಿಂತ ದಣಿಯದ ಗಮನ.

ಮುಂದಿನದನ್ನು ಲೆಕ್ಕಹಾಕಿ ನಡೆಯುವ ನಿಯಂತ್ರಣಕ್ಕೆ ಎಐಯೇ ಬೇಕೆಂದಿಲ್ಲ. ಕಟ್ಟಡದ ಗೋಡೆ, ಗಾಜು, ಕೊಳವೆಗಳ ವರ್ತನೆಯನ್ನು ಗಣಿತ ಸಮೀಕರಣಗಳಲ್ಲಿ ಹಿಡಿದು, ಹವಾಮಾನ ಮುನ್ಸೂಚನೆಯನ್ನು ಅದಕ್ಕೆ ಉಣಿಸಿ, ಮುಂದಿನ ಹಲವು ಗಂಟೆಗಳಿಗೆ ಅಗ್ಗದ ದಾರಿಯನ್ನು ಹುಡುಕುವ ವಿಧಾನ ಇದು. ಪ್ರಾಗ್‌ನ ಚೆಕ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮದೇ ಕಟ್ಟಡದ ಚಾವಣಿಯೊಳಗಿನ ಬಿಸಿನೀರಿನ ಕೊಳವೆಗಳನ್ನು ಹೀಗೆ ನಡೆಸಿ, ಸನ್ನಿವೇಶಕ್ಕೆ ತಕ್ಕಂತೆ ಶೇ 15ರಿಂದ 28ರಷ್ಟು ಇಂಧನ ಉಳಿಸಿದ್ದನ್ನು 2011ರಲ್ಲಿ ಪ್ರಕಟಿಸಿದರು. ತೊಡಕಿದ್ದುದು ಸಮೀಕರಣಗಳನ್ನು ಕಟ್ಟುವುದರಲ್ಲಿ. ಪ್ರತಿ ಕಟ್ಟಡಕ್ಕೂ ಪರಿಣತರು ತಿಂಗಳುಗಟ್ಟಲೆ ಕೂರಬೇಕು. ಉಳಿಸಿದ ದುಡ್ಡು ಅವರ ಸಂಬಳಕ್ಕೇ ಹೋಗುವ ಸಂಭವವಿತ್ತು.

ಸಮೀಕರಣಗಳನ್ನು ಮನುಷ್ಯ ಬರೆಯುವ ಬದಲು ಯಂತ್ರವೇ ದತ್ತಾಂಶದಿಂದ ಕಲಿತುಕೊಂಡರೆ? ಈ ಪ್ರಶ್ನೆಯನ್ನು ತನ್ನ ಮನೆಯ ಮೇಲೆಯೇ ಪ್ರಯೋಗಿಸಿದವರು ಕೊಲರಾಡೊ ವಿಶ್ವವಿದ್ಯಾಲಯದ ಮೈಕೆಲ್ ಮೋಜರ್. 1990ರ ದಶಕದಲ್ಲಿ ಬೋಲ್ಡರ್ ಸಮೀಪದ ಹಳೆಯ ಶಾಲಾಕಟ್ಟಡವೊಂದನ್ನು ಮನೆ ಮಾಡಿಕೊಂಡು, ಅದರ ತುಂಬ ಸೆನ್ಸರ್ ಇಟ್ಟು, ದೀಪ ಮತ್ತು ಬಿಸಿಯ ನಿಯಂತ್ರಣವನ್ನು ನರಜಾಲಗಳಿಗೆ, ಅಂದರೆ ನ್ಯೂರಲ್ ನೆಟ್‌ವರ್ಕ್‌ಗಳಿಗೆ ಒಪ್ಪಿಸಿದರು. ಮನೆಯವರು ಯಾವಾಗ ಬರುತ್ತಾರೆ, ಎಲ್ಲಿ ಕೂರುತ್ತಾರೆ ಎಂಬುದನ್ನು ಮನೆಯೇ ಊಹಿಸಬೇಕಿತ್ತು. ಇಂಥ ಆಲೋಚನೆ ಮಾರುಕಟ್ಟೆಗೆ ಬಂದದ್ದು 2011ರಲ್ಲಿ, ನೆಸ್ಟ್ ಎಂಬ ದುಂಡನೆಯ ಥರ್ಮೋಸ್ಟಾಟ್ ಆಗಿ. ಐಪಾಡ್ ರೂಪಿಸಿದವರಲ್ಲಿ ಒಬ್ಬರಾದ ಟೋನಿ ಫೆಡೆಲ್ ಅದರ ಸಂಸ್ಥಾಪಕರಲ್ಲೊಬ್ಬರು. 2014ರಲ್ಲಿ ಗೂಗಲ್ ಆ ಕಂಪನಿಯನ್ನು 320 ಕೋಟಿ ಡಾಲರಿಗೆ ಕೊಂಡಿತು.

ಆದರೆ ಗೂಗಲ್‌ಗೆ ಇದಕ್ಕಿಂತ ದೊಡ್ಡ ಪಾಠ ಸಿಕ್ಕಿದ್ದು ತನ್ನದೇ ದತ್ತಾಂಶ ಕೇಂದ್ರಗಳಲ್ಲಿ. ಸಾವಿರಾರು ಸರ್ವರುಗಳು ಹಗಲಿರುಳು ಕಾಯುವ ಈ ಕಟ್ಟಡಗಳಲ್ಲಿ ತಂಪಿಗೆ ಹೋಗುವ ವಿದ್ಯುತ್ತೇ ದೊಡ್ಡ ಹೆಚ್ಚುವರಿ ಖರ್ಚು. ಇದನ್ನು ಅಳೆಯಲು ಪಿಯುಇ ಎಂಬ ಅನುಪಾತವಿದೆ: ಕಟ್ಟಡಕ್ಕೆ ಬಂದ ಒಟ್ಟು ವಿದ್ಯುತ್ತನ್ನು ಕಂಪ್ಯೂಟರುಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಿದರೆ ಬರುವುದು. ಅದು 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಗೂಗಲ್‌ನಲ್ಲಿ ಇಂಜಿನಿಯರ್ ಆಗಿದ್ದ ಜಿಮ್ ಗಾವ್ 2014ರಲ್ಲಿ ಒಂದು ಲೇಖನ ಪ್ರಕಟಿಸಿದರು. ಐದು ನಿಮಿಷಕ್ಕೊಂದರಂತೆ ಎರಡು ವರ್ಷ ಕೂಡಿಟ್ಟ ಸುಮಾರು 1.84 ಲಕ್ಷ ದಾಖಲೆಗಳನ್ನು ಅವರು ನರಜಾಲಕ್ಕೆ ಉಣಿಸಿದ್ದರು. ಸರ್ವರುಗಳ ಹೊರೆ, ಪಂಪುಗಳ ವೇಗ, ಓಡುತ್ತಿರುವ ಚಿಲ್ಲರುಗಳು, ಹೊರಗಿನ ತಾಪ, ಗಾಳಿಯ ದಿಕ್ಕು ಹೀಗೆ 19 ಬಗೆಯ ಅಂಕಿಗಳಿಂದ ಪಿಯುಇ ಎಷ್ಟಾಗುತ್ತದೆ ಎಂದು ಅದು ಶೇ 99.6ರಷ್ಟು ನಿಖರವಾಗಿ ಹೇಳತೊಡಗಿತು. ಒಮ್ಮೆ ಹೀಗೆ ಊಹಿಸಲು ಬಂದರೆ, ಅಂಕಿಗಳನ್ನು ಬದಲಿಸಿದರೆ ಏನಾಗುತ್ತದೆ ಎಂದು ಯಂತ್ರ ಮುಟ್ಟದೆಯೇ ಕೇಳಿ ನೋಡಬಹುದು.

ಗೂಗಲ್‌ನ ಸೋದರ ಸಂಸ್ಥೆ ಡೀಪ್‌ಮೈಂಡ್ ಕೈಜೋಡಿಸಿದ ಮೇಲೆ, 2016ರ ಜುಲೈನಲ್ಲಿ ತಂಪಿನ ವಿದ್ಯುತ್ತಿನಲ್ಲಿ ಶೇ 40ರವರೆಗೆ ಉಳಿತಾಯವಾಯಿತೆಂದು ಪ್ರಕಟಿಸಲಾಯಿತು. ಈ ಅಂಕಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ತಲೆಬರಹವಾಯಿತು. ಅದು ಕಟ್ಟಡದ ಒಟ್ಟು ಬಿಲ್ಲಿನ ಶೇ 40 ಅಲ್ಲ, ತಂಪಿಗೆ ಹೋಗುವ ಭಾಗದ ಶೇ 40 ಎಂಬ ಸಂಗತಿ ಹಲವು ಕಡೆ ಹಿಂದೆ ಸರಿಯಿತು. ಕಂಪ್ಯೂಟರೇತರ ಹೆಚ್ಚುವರಿ ವಿದ್ಯುತ್ತನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಇಳಿಕೆ ಶೇ 15.

ಆ ಹಂತದಲ್ಲಿ ಯಂತ್ರ ಸಲಹೆ ಕೊಡುತ್ತಿತ್ತು, ಆಪರೇಟರುಗಳು ನೋಡಿ ಜಾರಿಗೆ ತರುತ್ತಿದ್ದರು. ಅದು ಅವರಿಗೆ ಹೊರೆಯಾಯಿತು. 2018ರಲ್ಲಿ ಗೂಗಲ್ ನಿಯಂತ್ರಣವನ್ನು ನೇರವಾಗಿ ಎಐ ಕೈಗೇ ಕೊಟ್ಟಿತು. ಪ್ರತಿ ಐದು ನಿಮಿಷಕ್ಕೆ ಸಾವಿರಾರು ಸೆನ್ಸರುಗಳ ಅಂಕಿಗಳು ದೂರದ ಗಣಕಕ್ಕೆ ಹೋಗುತ್ತವೆ. ಬೇರೆ ಬೇರೆ ಕ್ರಮಗಳ ಪರಿಣಾಮವನ್ನು ನರಜಾಲಗಳು ಊಹಿಸುತ್ತವೆ. ಸುರಕ್ಷತೆಯ ಮಿತಿ ಮೀರದೆ ಅತಿ ಕಡಿಮೆ ವಿದ್ಯುತ್ ಬೇಡುವ ಕ್ರಮ ಮರಳಿ ಬರುತ್ತದೆ. ಬಂದ ಆಜ್ಞೆಯನ್ನು ಕಟ್ಟಡದ ಸ್ಥಳೀಯ ವ್ಯವಸ್ಥೆ ತನ್ನದೇ ನಿಯಮಗಳಿಂದ ಮತ್ತೊಮ್ಮೆ ಪರೀಕ್ಷಿಸುತ್ತದೆ. ತನ್ನ ಊಹೆಯ ಮೇಲೆ ಯಂತ್ರಕ್ಕೇ ಭರವಸೆ ಸಾಲದಿದ್ದರೆ ಆ ಕ್ರಮವನ್ನು ಕೈಬಿಡಲಾಗುತ್ತದೆ. ಸಂಪರ್ಕ ಕಡಿದರೆ ಹಳೆಯ ನಿಯಮಗಳು ತಾವಾಗಿ ಅಧಿಕಾರ ವಹಿಸಿಕೊಳ್ಳುತ್ತವೆ, ಆಪರೇಟರು ಯಾವ ಗಳಿಗೆಯಲ್ಲಾದರೂ ಎಐಯನ್ನು ಹೊರಗಿಡಬಹುದು.

ಇಷ್ಟು ಬೇಲಿ ಹಾಕಿದ್ದರ ಫಲವಾಗಿ ಉಳಿತಾಯ ಮೊದಲಿಗೆ ಶೇ 12ರಷ್ಟೇ ಇತ್ತು. ದತ್ತಾಂಶ ಬೆಳೆದಂತೆ ಕೆಲವೇ ತಿಂಗಳಲ್ಲಿ ಅದು ಸರಾಸರಿ ಶೇ 30ಕ್ಕೆ ಏರಿತು. ಚಳಿಗಾಲದ ಹೊರಗಾಳಿಯನ್ನು ಬಳಸಿಕೊಂಡು ಮಾಮೂಲಿಗಿಂತ ತಣ್ಣನೆಯ ನೀರನ್ನು ಅಗ್ಗದಲ್ಲಿ ಮಾಡಿಕೊಳ್ಳುವುದನ್ನು ಯಂತ್ರ ತಾನಾಗಿ ಕಲಿತದ್ದು ಅಲ್ಲಿನ ಆಪರೇಟರುಗಳಿಗೇ ಬೆರಗು ತಂದಿತು. ಶೇ 40ರ ತಲೆಬರಹಕ್ಕಿಂತ ಈ 12ರಿಂದ 30ರ ಕಥೆ ಹೆಚ್ಚು ಉಪಯುಕ್ತ. ಸುರಕ್ಷತೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆ, ಅನುಭವದಿಂದ ಎಷ್ಟು ಮರಳಿ ಗಳಿಸಬಹುದು ಎಂಬುದನ್ನು ಅದು ತೋರಿಸುತ್ತದೆ.

ದತ್ತಾಂಶ ಕೇಂದ್ರ ಆದರ್ಶ ಪ್ರಯೋಗಾಲಯ. ಅಲ್ಲಿ ಸೆನ್ಸರುಗಳಿಗೆ ಕೊರತೆಯಿಲ್ಲ, ಹೊರೆ ಹೆಚ್ಚು ಏರಿಳಿಯುವುದಿಲ್ಲ, ಸರ್ವರುಗಳು ಸೆಕೆಯೆಂದು ಕಿಟಕಿ ತೆರೆಯುವುದಿಲ್ಲ. ಸಾಮಾನ್ಯ ಕಟ್ಟಡದಲ್ಲಿ ಏನಾಗುತ್ತದೆ? ಡೀಪ್‌ಮೈಂಡ್ ಮತ್ತು ಹವಾನಿಯಂತ್ರಣ ಯಂತ್ರಗಳ ತಯಾರಕ ಟ್ರೇನ್ ಸೇರಿ ಎರಡು ನಿಜ ಕಟ್ಟಡ ಸಂಕೀರ್ಣಗಳ ಚಿಲ್ಲರುಗಳನ್ನು ಎಐಗೆ ಒಪ್ಪಿಸಿ ನೋಡಿದರು; ಒಂದು ವಿಶ್ವವಿದ್ಯಾಲಯದ್ದು, ಇನ್ನೊಂದು ಹಲವು ಬಳಕೆಯ ವಾಣಿಜ್ಯ ಕಟ್ಟಡ. 2022ರಲ್ಲಿ ಪ್ರಕಟವಾದ ಫಲಿತಾಂಶ: ಶೇ 9 ಮತ್ತು ಶೇ 13 ಉಳಿತಾಯ. ನ್ಯೂಯಾರ್ಕಿನ 45 ಬ್ರಾಡ್‌ವೇ ಎಂಬ 32 ಅಂತಸ್ತಿನ ಹಳೆಯ ಕಚೇರಿ ಕಟ್ಟಡದಲ್ಲಿ ಮಾಂಟ್ರಿಯಲ್‌ನ ಬ್ರೈನ್‌ಬಾಕ್ಸ್ ಎಐ ಕಂಪನಿಯ ವ್ಯವಸ್ಥೆ 11 ತಿಂಗಳಲ್ಲಿ ಹವಾನಿಯಂತ್ರಣದ ಇಂಧನವನ್ನು ಶೇ 15.8ರಷ್ಟು ಇಳಿಸಿತೆಂದು ವರದಿಯಾಗಿದೆ. ಸಾಮಾನ್ಯ ಕಟ್ಟಡದಿಂದ ನಿರೀಕ್ಷಿಸಬಹುದಾದ ಮಟ್ಟ ಇದು. ಕಡಿಮೆಯೇನಲ್ಲ, ಪವಾಡವೂ ಅಲ್ಲ.

ಇಂಥ ವ್ಯವಸ್ಥೆಗಳಲ್ಲಿ ಬಳಕೆಯಾಗುವ ಮುಖ್ಯ ವಿಧಾನವನ್ನು ಬಲವರ್ಧನ ಕಲಿಕೆ ಎನ್ನಬಹುದು. ಯಂತ್ರ ಒಂದು ಕ್ರಮ ಕೈಗೊಳ್ಳುತ್ತದೆ, ಫಲಕ್ಕೆ ತಕ್ಕಂತೆ ಅಂಕ ಪಡೆಯುತ್ತದೆ, ಹೆಚ್ಚು ಅಂಕ ತಂದ ದಾರಿಯನ್ನು ಹಿಡಿಯುತ್ತದೆ. ಚದುರಂಗದಲ್ಲಿ ಲಕ್ಷಗಟ್ಟಲೆ ಆಟ ಸೋತು ಕಲಿಯಬಹುದು. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಸೋತು ಕಲಿಯುವಂತಿಲ್ಲ. ಆದ್ದರಿಂದ ಅಮೆರಿಕದ ಇಂಧನ ಇಲಾಖೆಯ ಎನರ್ಜಿಪ್ಲಸ್‌ನಂಥ ತಂತ್ರಾಂಶದಲ್ಲಿ ಕಟ್ಟಡದ ಅನುಕರಣೆ ಮಾಡಿ ಮೊದಲು ಅಲ್ಲಿ ಪಳಗಿಸುತ್ತಾರೆ, ಅಥವಾ ಹಳೆಯ ದಾಖಲೆಗಳಿಂದ ಕಲಿಸುತ್ತಾರೆ. ಹಳೆಯ ದಾಖಲೆಗೆ ಅದರದೇ ಮಿತಿಯಿದೆ. ಹತ್ತು ವರ್ಷ ನೀರನ್ನು 7 ಡಿಗ್ರಿಯಲ್ಲೇ ಇಟ್ಟ ಕಟ್ಟಡದ ದಾಖಲೆಯಿಂದ 10 ಡಿಗ್ರಿಯಲ್ಲಿ ಏನಾಗುತ್ತದೆಂದು ಯಾವ ಯಂತ್ರವೂ ತಿಳಿಯಲಾರದು.

ಅಂಕ ಕೊಡುವ ನಿಯಮದಲ್ಲಿಯೇ ಇನ್ನೊಂದು ಕೀಲಿದೆ. ವಿದ್ಯುತ್ ಉಳಿತಾಯಕ್ಕೆ ಮಾತ್ರ ಅಂಕ ಎಂದರೆ ಯಂತ್ರ ಎಲ್ಲವನ್ನೂ ಆಫ್ ಮಾಡಿ ನೂರಕ್ಕೆ ನೂರು ಪಡೆಯುತ್ತದೆ. ಹಾಗಾಗಿ ಒಳಗಿರುವವರ ನೆಮ್ಮದಿಯನ್ನೂ ಅಂಕಿಯಾಗಿ ಬರೆಯಬೇಕು. ಡೆನ್ಮಾರ್ಕಿನ ಪೋಲ್ ಒಲೆ ಫ್ಯಾಂಗರ್ 1970ರಲ್ಲಿ ಅಂಥ ಸೂತ್ರ ಕೊಟ್ಟರು. ಗಾಳಿಯ ತಾಪ, ಸುತ್ತಲ ಗೋಡೆಗಳ ಶಾಖ, ಗಾಳಿಯ ವೇಗ, ತೇವ, ತೊಟ್ಟ ಬಟ್ಟೆ, ದೇಹ ಉತ್ಪಾದಿಸುವ ಶಾಖ ಇವು ಆರನ್ನು ಸೇರಿಸಿ ಜನರಿಗೆ ಸರಾಸರಿ ಹೇಗನ್ನಿಸುತ್ತದೆಂದು ಅದು ಲೆಕ್ಕಹಾಕುತ್ತದೆ. ಜಗತ್ತಿನ ಹೆಚ್ಚಿನ ಮಾನದಂಡಗಳು ಅದನ್ನೇ ಅವಲಂಬಿಸಿವೆ. ಆದರೆ ಆ ದೇಹ ಯಾರದು? 2015ರಲ್ಲಿ ನೆದರ್‌ಲೆಂಡ್ಸ್‌ನ ಇಬ್ಬರು ಸಂಶೋಧಕರು ತೋರಿಸಿದಂತೆ, ಲೆಕ್ಕದಲ್ಲಿರುವುದು 70 ಕಿಲೋ ತೂಕದ, 40 ವರ್ಷದ ಗಂಡಸು. ಕಚೇರಿಯಲ್ಲಿ ಶಾಲು ಹೊದ್ದು ಕೂರುವ ಹೆಂಗಸರ ದೂರಿಗೆ ವೈಜ್ಞಾನಿಕ ಆಧಾರ ಸಿಕ್ಕಿತು. ಇಂಥ ಸೂತ್ರವನ್ನು ಎಐಗೆ ಗುರಿಯಾಗಿ ಕೊಟ್ಟರೆ ಅದು ಆ ಪಕ್ಷಪಾತವನ್ನು ಹಿಂದೆಂದಿಗಿಂತ ನಿಖರವಾಗಿ ಜಾರಿಗೆ ತರುತ್ತದೆ.

ಭಾರತೀಯರ ನೆಮ್ಮದಿಯ ಅಳತೆಯೂ ಬೇರೆಯೇ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ತಂಡ ಬೆಂಗಳೂರು, ಚೆನ್ನೈ, ದೆಹಲಿ, ಅಹಮದಾಬಾದ್, ಶಿಮ್ಲಾ ಈ ಐದು ನಗರಗಳ 16 ಕಚೇರಿ ಕಟ್ಟಡಗಳಲ್ಲಿ ಮೂರು ಋತುಗಳಲ್ಲಿ ಸಮೀಕ್ಷೆ ಮಾಡಿ 6,330 ಉತ್ತರಗಳನ್ನು ಕಲೆಹಾಕಿತು. ಹೊರಗಿನ ಹವೆಗೆ ಮೈ ಒಗ್ಗಿಕೊಳ್ಳುವುದರಿಂದ, ವಿದೇಶಿ ಮಾನದಂಡಗಳು ಸೆಕೆಯೆನ್ನುವ ತಾಪದಲ್ಲೂ ಇಲ್ಲಿನವರು ಆರಾಮಾಗಿರುತ್ತಾರೆ ಎಂಬುದು ಅದರಿಂದ ಹೊರಟ ತಿರುಳು. ಈ ಭಾರತೀಯ ಮಾದರಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಸೇರಿತು. ಇಂಧನ ದಕ್ಷತಾ ಬ್ಯೂರೋ 2020ರ ಜನವರಿಯಿಂದ ಸ್ಟಾರ್ ಗುರುತಿನ ಕೋಣೆ ಎ.ಸಿ.ಗಳೆಲ್ಲ 24 ಡಿಗ್ರಿಯಲ್ಲೇ ಚಾಲೂ ಆಗಬೇಕೆಂದು ವಿಧಿಸಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂಬುದು ಅದರ ಅಂದಾಜು. ಅಂದರೆ 22ರಿಂದ 24ಕ್ಕೆ ಏರಿಸಿ ಫ್ಯಾನು ಹಾಕಿಕೊಳ್ಳುವ ಮನೆ, ದುಬಾರಿ ಎಐ ವ್ಯವಸ್ಥೆಯೊಂದು ವಾಣಿಜ್ಯ ಕಟ್ಟಡದಲ್ಲಿ ತರುವಷ್ಟು ಉಳಿತಾಯವನ್ನು ಬಿಡಿಗಾಸು ಖರ್ಚಿಲ್ಲದೆ ಪಡೆಯುತ್ತದೆ.

ಎಐ ಕೂರಿಸಿದ ಕಡೆಯೆಲ್ಲ ಅದು ಫಲ ಕೊಡುವುದಿಲ್ಲ. ಮೊದಲ ಅಡ್ಡಿ ಸೆನ್ಸರುಗಳದ್ದು. ಬಿಸಿಲು ಬೀಳುವ ಗೋಡೆಯ ಮೇಲೋ ಕಾಫಿ ಯಂತ್ರದ ಪಕ್ಕದಲ್ಲೋ ಕೂತ ಸೆನ್ಸರು ಇಡೀ ಮಹಡಿ ಬೇಯುತ್ತಿದೆ ಎಂದು ಸುಳ್ಳು ಹೇಳುತ್ತದೆ. ತುಕ್ಕು ಹಿಡಿದು ಅರ್ಧಕ್ಕೆ ನಿಂತ ವಾಲ್ವು ಪರದೆಯ ಮೇಲೆ ಪೂರ್ತಿ ಮುಚ್ಚಿದಂತೆ ಕಾಣುತ್ತದೆ. ಎರಡನೆಯ ಅಡ್ಡಿ ಹೆಸರುಗಳದ್ದು. ಒಂದು ಕಟ್ಟಡದ ನಿರ್ವಹಣಾ ಗಣಕದಲ್ಲಿ ಒಂದು ಸಂಕೇತದಲ್ಲಿರುವ ಸೆನ್ಸರು ಪಕ್ಕದ ಕಟ್ಟಡದಲ್ಲಿ ಬೇರೆಯೇ ಸಂಕೇತದಲ್ಲಿರುತ್ತದೆ. ಯಾವುದು ಯಾವ ಕೋಣೆಯದ್ದೆಂದು ಬಲ್ಲ ಮೇಸ್ತ್ರಿ ನಿವೃತ್ತನಾಗಿರುತ್ತಾನೆ. ಇವನ್ನು ಏಕರೂಪಕ್ಕೆ ತರಲು ಅಮೆರಿಕ ಮತ್ತು ಯುರೋಪಿನ ವಿಶ್ವವಿದ್ಯಾಲಯಗಳ ಸಂಶೋಧಕರು 2016ರಲ್ಲಿ ಬ್ರಿಕ್ ಎಂಬ ಮುಕ್ತ ಪದ್ಧತಿಯನ್ನೇ ರೂಪಿಸಬೇಕಾಯಿತು. ಎಐ ಅಳವಡಿಸಲು ಬಂದ ಇಂಜಿನಿಯರುಗಳು ಮೊದಲ ತಿಂಗಳು ಮಾಡುವುದು ಬಹುಪಾಲು ಈ ರಿಪೇರಿಯನ್ನೇ. ಆಗ ಉಳಿದ ವಿದ್ಯುತ್ತಿನ ಶ್ರೇಯ ವಾಲ್ವು ಬದಲಿಸಿದವನದ್ದು, ಆದರೆ ಜಾಹೀರಾತಿನಲ್ಲಿ ಅದು ಎಐ ಖಾತೆಗೆ ಜಮೆಯಾಗುತ್ತದೆ.

ಎಐ ಇಲ್ಲದೆ, ಬರೀ ಒಳ್ಳೆಯ ನಿಯಮಗಳಿಂದಲೂ ಬಹಳಷ್ಟು ಸಾಧಿಸಬಹುದು. ಆಶ್ರೇ ಎಂದು ಕರೆಯುವ ಅಮೆರಿಕದ ಹವಾನಿಯಂತ್ರಣ ಇಂಜಿನಿಯರುಗಳ ಸಂಘ 2018ರಲ್ಲಿ ಪ್ರಕಟಿಸಿದ 36ನೆಯ ಮಾರ್ಗಸೂಚಿ, ಯಾವ ಕಲಿಕೆಯೂ ಇಲ್ಲದೆ, ಬೇಡಿಕೆಗೆ ತಕ್ಕಂತೆ ಸೆಟ್ ಪಾಯಿಂಟುಗಳನ್ನು ಏರಿಳಿಸುವ ಕ್ರಮಗಳನ್ನು ಬರೆದುಕೊಟ್ಟಿದೆ. ಕಟ್ಟಡದ ರಚನೆ ಇನ್ನೂ ಮುಖ್ಯ. ಹೈದರಾಬಾದ್ ಸಮೀಪದ ಪೋಚಾರಂನಲ್ಲಿ ಬೆಂಗಳೂರಿನ ಇನ್ಫೋಸಿಸ್ 2011ರಲ್ಲಿ ಒಂದು ಕಟ್ಟಡವನ್ನು ನಡುವೆ ಸೀಳಿದಂತೆ ಎರಡು ಭಾಗ ಮಾಡಿ, ಒಂದಕ್ಕೆ ಮಾಮೂಲಿ ತಂಪುಗಾಳಿ, ಇನ್ನೊಂದಕ್ಕೆ ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ ಕೊಟ್ಟಿತು. ನೀರು ಹರಿಯುವ ಭಾಗ ಮೂರನೆಯ ಒಂದು ಪಾಲಿನಷ್ಟು ಕಡಿಮೆ ವಿದ್ಯುತ್ ಬಳಸಿತು. ಮಾಮೂಲಿ ಭಾಗವೂ ಒಳ್ಳೆಯ ಯಂತ್ರಗಳಿಂದಲೇ ನಡೆಯುತ್ತಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ತಂಪು ಅಂತರ್ಜಾಲದೊಂದಿಗೆ ಬೆಸೆದುಕೊಂಡಾಗ ಹೊಸ ಅಪಾಯಗಳೂ ಬರುತ್ತವೆ. 2013ರಲ್ಲಿ ಇಬ್ಬರು ಭದ್ರತಾ ಸಂಶೋಧಕರು ಸಿಡ್ನಿಯ ಗೂಗಲ್ ಕಚೇರಿಯ ಕಟ್ಟಡ ನಿರ್ವಹಣಾ ವ್ಯವಸ್ಥೆಯೊಳಗೆ ನುಗ್ಗಿ ತೋರಿಸಿದರು. 2016ರ ಚಳಿಯಲ್ಲಿ ಫಿನ್‌ಲೆಂಡಿನ ಲಪ್ಪೆನ್‌ರಾಂಟ ನಗರದ ಎರಡು ವಸತಿ ಕಟ್ಟಡಗಳ ಬಿಸಿ ನಿಯಂತ್ರಣ ಗಣಕಗಳು ಸೈಬರ್ ದಾಳಿಗೆ ಸಿಕ್ಕಿ ಮತ್ತೆ ಮತ್ತೆ ಸ್ಥಗಿತಗೊಂಡವು. ಇನ್ನೊಂದು ಪ್ರಶ್ನೆ ಅಧಿಕಾರದ್ದು. 2022ರ ಆಗಸ್ಟಿನ ಸೆಕೆಯಲ್ಲಿ ಅಮೆರಿಕದ ಕೊಲರಾಡೊದಲ್ಲಿ ಸುಮಾರು 22 ಸಾವಿರ ಮನೆಯವರಿಗೆ ತಮ್ಮ ಥರ್ಮೋಸ್ಟಾಟನ್ನು ಕೆಲ ಗಂಟೆ ಬದಲಿಸಲಾಗಲಿಲ್ಲ. ವಿದ್ಯುತ್ ಕೊರತೆ ಎದುರಾದಾಗ ವಿದ್ಯುತ್ ಪೂರೈಸುವ ಕಂಪನಿ ಅದನ್ನು ದೂರದಿಂದಲೇ ಹಿಡಿದಿಟ್ಟಿತ್ತು. ಅವರೆಲ್ಲ 100 ಡಾಲರ್ ರಿಯಾಯಿತಿ ಪಡೆದು ಯೋಜನೆಗೆ ಸೇರಿದ್ದವರೇ. ಕಾನೂನಿನ ಪ್ರಕಾರ ತಪ್ಪಿಲ್ಲ. ಸಹಿ ಹಾಕುವಾಗ ಓದದ ಷರತ್ತು ಸೆಕೆಯಲ್ಲಿ ನೆನಪಾಯಿತು, ಅಷ್ಟೇ.

ಕರ್ನಾಟಕಕ್ಕೆ ಈ ವಿದ್ಯೆ ಹೊರಗಿನದಾಗಿ ಉಳಿದಿಲ್ಲ. ದೀಪಿಂದರ್ ಸಿಂಗ್ 2012ರಲ್ಲಿ ಅಮೆರಿಕದ ಮಿನಿಸೋಟದಲ್ಲಿ ಆರಂಭಿಸಿದ 75ಎಫ್ ಕಂಪನಿಯ ತಾಂತ್ರಿಕ ಕೆಲಸದ ದೊಡ್ಡ ಪಾಲು ನಡೆಯುವುದು ಬೆಂಗಳೂರಿನಲ್ಲಿ. ಹೆಸರಿನಲ್ಲಿರುವ 75 ಫ್ಯಾರನ್‌ಹೀಟ್ ಎಂದರೆ ಹೆಚ್ಚುಕಡಿಮೆ 24 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನ ಐಟಿ ಕ್ಯಾಂಪಸ್ಸು, ಮಾಲು, ಆಸ್ಪತ್ರೆ, ದತ್ತಾಂಶ ಕೇಂದ್ರಗಳಲ್ಲಿ ಚಿಲ್ಲರುಗಳು ವರ್ಷವಿಡೀ ಓಡುತ್ತವೆ. ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದ ಈ ಊರಿನಲ್ಲಿ ವರ್ಷದ ಹಲವು ತಿಂಗಳು ರಾತ್ರಿ ಮತ್ತು ಮುಂಜಾನೆಯ ಹೊರಗಾಳಿಯೇ ಸಾಕಷ್ಟು ತಂಪು. ಯಾವ ಗಂಟೆಯಲ್ಲಿ ಚಿಲ್ಲರ್ ನಿಲ್ಲಿಸಿ ಹೊರಗಾಳಿ ಬಿಡಬಹುದು ಎಂದು ದಿನದಿನವೂ ಲೆಕ್ಕಹಾಕುವ ಕೆಲಸ ಎಐಗೆ ಹೇಳಿ ಮಾಡಿಸಿದಂಥದ್ದು. ಮಂಗಳೂರಿನಂಥ ಕರಾವಳಿಯಲ್ಲಿ ಅದರ ಗಮನ ತಾಪಕ್ಕಿಂತ ತೇವದ ಮೇಲಿರಬೇಕಾಗುತ್ತದೆ.

ಒಂದೆರಡು ಎ.ಸಿ. ಇರುವ ಮನೆಗೆ ಇದೊಂದೂ ಬೇಕಿಲ್ಲ. ಚಿಲ್ಲರ್ ಇರುವ ಕಟ್ಟಡದವರು ಮೊದಲು ಸೆನ್ಸರು, ವಾಲ್ವು, ವೇಳಾಪಟ್ಟಿಗಳನ್ನು ಸರಿಪಡಿಸಿಕೊಂಡು, ಆಗಿನ ಬಿಲ್ಲನ್ನು ಬರೆದಿಟ್ಟುಕೊಳ್ಳಬೇಕು. ಆಮೇಲೆ ಎಐ ಮಾರಲು ಬಂದವರಿಗೆ ಒಂದೇ ಷರತ್ತು ಹಾಕಬೇಕು: ಒಂದು ವರ್ಷ, ಒಂದು ದಿನ ನಿಮ್ಮ ವ್ಯವಸ್ಥೆ, ಮರುದಿನ ನಮ್ಮ ಹಳೆಯ ವ್ಯವಸ್ಥೆ, ಹೀಗೆ ಸರದಿಯ ಮೇಲೆ ಓಡಲಿ, ಮೀಟರು ತೋರಿಸಿದ ಉಳಿತಾಯಕ್ಕಷ್ಟೇ ಹಣ. ಈ ಷರತ್ತಿಗೆ ಒಪ್ಪುವವರ ಜೊತೆ ಮಾತು ಮುಂದುವರಿಸಬಹುದು.